ಕ್ಯಾರಿಯಾಕೂ ದೋಣಿಗಳು: ನಕ್ಷೆಯಿಲ್ಲ, ಲೆಕ್ಕವಿದೆ

ಮಾನ್ಯ ಸಂಪಾದಕರೇ,

ಕೆರಿಬಿಯನ್ ಸಮುದ್ರದ ಕ್ಯಾರಿಯಾಕೂ ದ್ವೀಪದ ಮರದ ದೋಣಿಗಳ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿ ಸಂತೋಷವಾಯಿತು. ವೆಸ್ಟ್ ಇಂಡೀಸ್ ಅಂದರೆ ಕ್ರಿಕೆಟ್ಟು, ಅದು ಬಿಟ್ಟರೆ ಬೀಚು ಎಂಬಲ್ಲಿಗೇ ನಿಂತುಬಿಡುವ ನಮ್ಮ ಪತ್ರಿಕೆಗಳಲ್ಲಿ ಈ ವಿಷಯಕ್ಕೆ ಅರ್ಧ ಪುಟ ಸಿಕ್ಕಿದ್ದೇ ದೊಡ್ಡದು. ಆದರೆ ಲೇಖನ ಈ ಕಸುಬನ್ನು ಪವಾಡದ ಹಾಗೆ ಬಣ್ಣಿಸಿದೆ. ನಕ್ಷೆಯೂ ಇಲ್ಲದೆ ಅಳತೆಯೂ ಇಲ್ಲದೆ ಬರೀ ಅಂದಾಜಿನ ಮೇಲೆ ದೋಣಿ ಕಟ್ಟುತ್ತಾರೆ ಎಂದಿದೆ. ಯುನೆಸ್ಕೊ ಪಟ್ಟಿಗೆ ಸೇರಿದ್ದರಿಂದ ಇನ್ನು ಚಿಂತೆಯಿಲ್ಲ ಎಂದೂ ಹೇಳಿದೆ. ಮೊದಲನೆಯದು ಅರ್ಧ ಸತ್ಯ, ಎರಡನೆಯದಕ್ಕೆ ಆಧಾರವೇ ಇಲ್ಲ.

ಕ್ಯಾರಿಯಾಕೂ ಗ್ರೆನಡಾ ದೇಶಕ್ಕೆ ಸೇರಿದ, ಸುಮಾರು 34 ಚದರ ಕಿಲೋಮೀಟರಿನ ದ್ವೀಪ. ಪಕ್ಕದ ಪೆಟಿಟ್ ಮಾರ್ಟಿನೀಕ್ ಎರಡೂವರೆ ಚದರ ಕಿಲೋಮೀಟರೂ ಇಲ್ಲ. ನದಿಯಿಲ್ಲದ ನೆಲ, ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟು ಬದುಕಬೇಕು. 1838ರಲ್ಲಿ ಗುಲಾಮಗಿರಿ ಪೂರ್ತಿ ಕೊನೆಗೊಂಡ ಮೇಲೆ ಹತ್ತಿ, ಕಬ್ಬು ಬೆಳೆಯುತ್ತಿದ್ದ ತೋಟಗಳು ಒಂದೊಂದಾಗಿ ಬಡವಾದವು. ಬಿಡುಗಡೆ ಪಡೆದವರ ಕೈಯಲ್ಲಿ ಉಳಿದದ್ದು ತುಂಡು ನೆಲ ಮತ್ತು ಸುತ್ತಲಿನ ಸಮುದ್ರ. ಕೂಲಿಗೆ ಟ್ರಿನಿಡಾಡಿಗೆ ಹೋಗುವುದಿರಲಿ, ಕುರಿ-ಮೇಕೆ ಮಾರುವುದಿರಲಿ, ಅಕ್ಕಿ-ಹಿಟ್ಟು ತರುವುದಿರಲಿ, ಎಲ್ಲಕ್ಕೂ ದೋಣಿ ಬೇಕು. ಬೇಡಿಕೆ ಹುಟ್ಟಿದ್ದು ಹೀಗೆ.

ಈ ವಿದ್ಯೆ ಸ್ಕಾಟ್ಲೆಂಡಿನಿಂದ ಬಂತು ಎಂದು ಲೇಖನ ಒಂದೇ ಮಾತಿನಲ್ಲಿ ಮುಗಿಸಿದೆ. ದ್ವೀಪದ ಈಶಾನ್ಯದ ವಿಂಡ್‌ವರ್ಡ್ ಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಸ್ಕಾಟಿಷ್ ಹಡಗು ಬಡಗಿಗಳು ನೆಲೆಸಿದ್ದು ನಿಜ. ಮ್ಯಾಕ್‌ಲಾರೆನ್‌ನಂಥ ಮನೆತನದ ಹೆಸರುಗಳು ಇವತ್ತಿಗೂ ಅಲ್ಲಿವೆ. ಆದರೆ ತೋಟಗಳ ಕಾಲದಿಂದಲೂ ಮರಗೆಲಸದಲ್ಲಿ ಪಳಗಿದ ಆಫ್ರಿಕನ್ ಮೂಲದವರು ಆ ನೆಲದಲ್ಲಿದ್ದರು. ಬಾಚಿ ಹಿಡಿದ ಕೈಗಳಲ್ಲಿ ಹೆಚ್ಚಿನವು ಅವರವೇ. ದೋಣಿ ನೀರಿಗಿಳಿಸುವ ದಿನ ನಡೆಯುವ ವಿಧಿಗಳನ್ನು ನೋಡಿದವರಿಗೆ ಆಫ್ರಿಕಾದ ಪಾಲು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಕೆಲಸ ಶುರುವಾಗುವುದು ಗುಡ್ಡದ ಮೇಲೆ. ದೋಣಿಯ ಪಕ್ಕೆಮರಗಳಿಗೆ ಬೇಕಾದದ್ದು ಅಲ್ಲಿನವರು ವೈಟ್ ಸೀಡರ್ ಎನ್ನುವ ಮರ. ಹೆಸರಲ್ಲಿ ಸೀಡರ್ ಇದ್ದರೂ ದೇವದಾರುವಿಗೂ ಇದಕ್ಕೂ ನಂಟಿಲ್ಲ. ಗುಲಾಬಿ ಹೂ ಬಿಡುವ ಟಬೂಬಿಯಾ ಕುಲದ್ದು ಎಂದರೆ ನಮ್ಮ ಓದುಗರಿಗೆ ಗುರುತು ಸಿಗಬಹುದು. ಪೂರ್ವದಿಂದ ಬಹುಪಾಲು ವರ್ಷವಿಡೀ ಬೀಸುವ ವಾಣಿಜ್ಯ ಮಾರುತಕ್ಕೆ ಸಿಕ್ಕಿ ಗುಡ್ಡದ ಮರಗಳು ಬಾಗಿ ಬೆಳೆಯುತ್ತವೆ. ಆ ಬಾಗೇ ಬಡಗಿಯ ಬಂಡವಾಳ. ನೆಟ್ಟಗಿನ ಹಲಗೆಯಿಂದ ಬಾಗಿದ ತುಂಡನ್ನು ಗರಗಸದಲ್ಲಿ ಕೊಯ್ದು ತೆಗೆದರೆ ಮರದ ಎಳೆ ತಿರುವಿನಲ್ಲಿ ತುಂಡಾಗಿರುತ್ತದೆ. ಅಲೆಯ ಪೆಟ್ಟಿಗೆ ಮೊದಲು ಸೀಳುವುದು ಅಲ್ಲೇ. ಬಾಗಿಯೇ ಬೆಳೆದ ಕೊಂಬೆಯಲ್ಲಿ ಎಳೆಯೂ ಜೊತೆಗೇ ತಿರುಗಿರುವುದರಿಂದ ಕಡಿಮೆ ದಪ್ಪಕ್ಕೆ ಹೆಚ್ಚು ಬಲ ಸಿಗುತ್ತದೆ. ಮರ ಹುಡುಕಿ ಹೊರಟ ಮೇಸ್ತ್ರಿಯ ತಲೆಯಲ್ಲಿ ಇಡೀ ದೋಣಿ ಆಗಲೇ ತುಂಡುತುಂಡಾಗಿ ಇರುತ್ತದೆ: ತಳದಲ್ಲಿ ಕೂರುವುದಕ್ಕೆ ಕವಲೊಡೆದ ಭಾಗ, ಹೊಟ್ಟೆಯ ತಿರುವಿಗೆ ಚೆನ್ನಾಗಿ ಬಾಗಿದ ಕೊಂಬೆ, ಅಂಚಿನ ಹತ್ತಿರಕ್ಕೆ ಸ್ವಲ್ಪ ನೆಟ್ಟಗಿನದು.

ಕಡಿಯುವುದು ಒಣ ಕಾಲದಲ್ಲಿ, ಅದೂ ಕೃಷ್ಣಪಕ್ಷದಲ್ಲಿ. ಆಗ ಮರದಲ್ಲಿ ರಸ ಕಡಿಮೆ, ಹುಳು ಹಿಡಿಯುವುದಿಲ್ಲ ಎಂಬುದು ನಂಬಿಕೆ. ಚಂದ್ರನ ಕೈವಾಡ ಎಷ್ಟಿದೆಯೋ, ಒಣ ಹವೆಯದ್ದಂತೂ ದೊಡ್ಡದೇ ಇದೆ. ಹುಳು ಮೊದಲು ಹತ್ತುವುದು ತೊಗಟೆಯಡಿಯ ಬಿಳಿ ಭಾಗಕ್ಕೆ. ಅದನ್ನು ಬಾಚಿಯಿಂದ ಪೂರ್ತಿ ಕೆತ್ತಿ ಚೇಗನ್ನಷ್ಟೇ ಉಳಿಸಿಕೊಳ್ಳದಿದ್ದರೆ ಯಾವ ಪಕ್ಷದಲ್ಲಿ ಕಡಿದರೂ ಒಂದೇ.

ತಳದ ಅಡಿಮರಕ್ಕೆ ಗಯಾನಾದಿಂದ ತರಿಸುವ ಗ್ರೀನ್‌ಹಾರ್ಟ್ ಬಳಕೆ. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರದ ಮರ. ತೆಪ್ಪ ಕಟ್ಟಿ ತೇಲಿಸಿ ತರುವಂತಿಲ್ಲ, ಹಡಗಿನಲ್ಲೇ ಬರಬೇಕು. ಸಮುದ್ರದಲ್ಲಿ ಮರ ಕೊರೆಯುವ ಹಡಗುಹುಳು ಇದನ್ನು ಅಷ್ಟು ಸುಲಭಕ್ಕೆ ಕೊರೆಯದು. ಹಾಗಂತ ಕೆಲಸಕ್ಕೆ ಮೃದು ಮರವೂ ಅಲ್ಲ: ಮುಂಚೆ ತೂತು ಕೊರೆಯದೆ ಮೊಳೆ ಹೊಡೆದರೆ ಸೀಳುತ್ತದೆ, ಉಳಿಯ ಮೊನೆ ಬೇಗ ಮೊಂಡಾಗುತ್ತದೆ, ಚುಚ್ಚಿದ ಸಿಬಿರನ್ನು ಕೂಡಲೇ ತೆಗೆಯದಿದ್ದರೆ ಕೀವು ಕಟ್ಟುತ್ತದೆ. ಮೈಗೆ ಹೊಡೆಯುವ ಹಲಗೆಗಳು ಹಿಂದೆ ಪಿಚ್ ಪೈನ್, ಆಮೇಲೆ ಗಯಾನಾದ ಸಿಲ್ವರ್‌ಬಾಲಿ. ಅಂದರೆ ದ್ವೀಪದ ಸ್ವಂತ ಮರ ಪಕ್ಕೆಗಳಿಗಷ್ಟೇ. ಮಿಕ್ಕದ್ದಕ್ಕೆ ದುಡ್ಡು ಕೊಡಬೇಕು. ಈ ಮಾತು ಮುಂದೆ ಬೇಕಾಗುತ್ತದೆ.

ಈಗ ಅಳತೆಯ ವಿಷಯ. ಕಾಗದದ ಮೇಲೆ ನಕ್ಷೆ ಇಲ್ಲ, ಸರಿ. ಆದರೆ ಅಡಿಮರದ ಉದ್ದ ಗೊತ್ತಾದ ಕೂಡಲೇ ಮಿಕ್ಕವು ಅನುಪಾತದಲ್ಲಿ ಬರುತ್ತವೆ. ದೋಣಿಯ ಅಗಲ ಉದ್ದದ ಮೂರನೆಯ ಒಂದು ಭಾಗದ ಆಸುಪಾಸು, 36 ಅಡಿಯ ದೋಣಿಗೆ ಹೆಚ್ಚುಕಡಿಮೆ 12 ಅಡಿ. ಅಡಿಮರವನ್ನು ದಿಮ್ಮಿಗಳ ಮೇಲೆ ಕೂರಿಸಿ ಮುಂಗಂಬ, ಹಿಂಗಂಬ ನಿಲ್ಲಿಸಿ ತೂಗುಗುಂಡು ಬಿಟ್ಟು ನೇರ ಮಾಡುತ್ತಾರೆ. ಮುಂದಿನಿಂದ ಹಿಂದಕ್ಕೆ ದಾರ ಎಳೆದು ನಡುಗೆರೆ ಹಿಡಿಯುತ್ತಾರೆ. ಆಮೇಲೆ ನಡುವಿನ ಪಕ್ಕೆ. ಇಡೀ ದೋಣಿಯ ಗುಣ ನಿರ್ಧಾರವಾಗುವುದು ಇದರಲ್ಲಿ: ಹೊಟ್ಟೆ ದುಂಡಾದರೆ ಸರಕು ಹೆಚ್ಚು ಹಿಡಿಸುತ್ತದೆ, ಚೂಪಾದರೆ ಓಟ ಹೆಚ್ಚು. ಅದರ ಹಿಂದೆ ಮುಂದೆ ಇನ್ನು ಕೆಲವು ಪಕ್ಕೆಗಳನ್ನು ನಿಲ್ಲಿಸಿ, ಮುಂಗಂಬದಿಂದ ಹಿಂಬದಿಯವರೆಗೆ ತೆಳ್ಳನೆಯ ರೀಪರ್ ಪಟ್ಟಿಗಳನ್ನು ಸುತ್ತಿ ಬಾಗಿಸಿ ಹೊಡೆಯುತ್ತಾರೆ. ಕಣ್ಣಳತೆ ಎಂಬುದು ಈ ಹಂತದ ಕೆಲಸ.

ಗಂಟಿಲ್ಲದ ರೀಪರ್ ತನ್ನಷ್ಟಕ್ಕೆ ಬಾಗಿದಾಗ ಅದರ ಗೆರೆಯಲ್ಲಿ ತಪ್ಪಿರುವುದಿಲ್ಲ. ತಪ್ಪು ಬರುವುದು ಪಕ್ಕೆಯಿಂದ. ಒಂದು ಪಕ್ಕೆ ಬೇಕಾದ್ದಕ್ಕಿಂತ ಹೊರಗೆ ಚಾಚಿದ್ದರೆ ಅಲ್ಲಿ ಪಟ್ಟಿ ಮೊಣಕೈ ಮಡಿಸಿದಂತೆ ಎದ್ದು, ಅಕ್ಕಪಕ್ಕದಲ್ಲಿ ಚಪ್ಪಟೆಯಾಗುತ್ತದೆ. ಒಳಗೆ ಸರಿದಿದ್ದರೆ ಪಟ್ಟಿಗೂ ಪಕ್ಕೆಗೂ ನಡುವೆ ಬೆಳಕು ಕಾಣುತ್ತದೆ. ಮೇಸ್ತ್ರಿ ಮೂತಿಯ ಬಳಿ ಕುಕ್ಕರಗಾಲಲ್ಲಿ ಕೂತು ಪಟ್ಟಿಯುದ್ದಕ್ಕೂ ಕಣ್ಣು ಹಾಯಿಸಿ, ಎಲ್ಲಿ ಬಾಚಿ ಹಾಕಬೇಕು, ಎಲ್ಲಿ ತುಂಡು ಕೊಡಬೇಕು ಎಂದು ಹೇಳುತ್ತಾನೆ. ಎಡಬಲ ಸಮವಿದೆಯೋ ಇಲ್ಲವೋ ನೋಡಲು ಮುಂಗಂಬದಿಂದ ಪಕ್ಕೆಯ ಎರಡೂ ತುದಿಗಳಿಗೆ ಹಗ್ಗ ಹಿಡಿದರೆ ಸಾಕು. ಎರಡೂ ಉದ್ದ ಒಂದೇ ಬರಬೇಕು. ಇದನ್ನು ನಿರ್ಲಕ್ಷಿಸಿ ಕಟ್ಟಿದ ದೋಣಿ ಗಾಳಿಯನ್ನು ಒಂದು ಮಗ್ಗುಲಿಗೆ ಹಿಡಿದಾಗ ಚೆನ್ನಾಗಿ ಓಡಿ, ಇನ್ನೊಂದು ಮಗ್ಗುಲಿಗೆ ತಿರುಗಿದೊಡನೆ ಚುಕ್ಕಾಣಿಗೆ ಕಿರಿಕಿರಿ ಕೊಡುತ್ತದೆ, ಬದುಕಿರುವಷ್ಟು ಕಾಲ. ಮಿಕ್ಕ ಪಕ್ಕೆಗಳನ್ನೆಲ್ಲ ಈ ಪಟ್ಟಿಗಳ ಒಳಮೈಗೆ ಸರಿಹೊಂದುವಂತೆ ಕೆತ್ತಿ ತುಂಬುತ್ತಾರೆ. ಪಕ್ಕೆಯ ಹೊರಮೈಗೆ ತಕ್ಕ ಓರೆ ಕೊಡದಿದ್ದರೆ ಹಲಗೆ ಅದರ ಒಂದು ಅಂಚಿಗೆ ಮಾತ್ರ ತಾಗಿ ಕೂರುತ್ತದೆ; ಮೊಳೆ ಬಿಗಿಯುವಾಗ ಬಿರುಕು ಬಿಡುತ್ತದೆ. ಇಷ್ಟೆಲ್ಲವನ್ನೂ ಅಂದಾಜು ಎಂದು ಕರೆಯುವುದಾದರೆ ಅಳತೆ ಎಂದು ಯಾವುದನ್ನು ಕರೆಯಬೇಕು?

ಹಲಗೆ ಹೊಡೆದಾದ ಮೇಲೆ ಸಂದು ತುಂಬುವ ಕೆಲಸ. ಹಲಗೆಗಳು ಒಳಬದಿಯಲ್ಲಿ ಒಂದಕ್ಕೊಂದು ಅಂಟಿ ಕೂತು, ಹೊರಬದಿಯಲ್ಲಿ 2-3 ಮಿಲಿಮೀಟರ್ ಬಾಯಿ ಬಿಟ್ಟಿರಬೇಕು. ಆ ಬಾಯಿಗೆ ಹೊಸೆದ ಅರಳೆಯನ್ನು ಚಪ್ಪಟೆ ಉಳಿ ಮತ್ತು ಕೊಡತಿಯಿಂದ ತುರುಕಿ, ಮೇಲೆ ಸಿಂಧೂರ ಬೆರೆಸಿದ ಅಗಸೆ ಎಣ್ಣೆಯ ಪುಟ್ಟಿ ತುಂಬುತ್ತಾರೆ. ಅರಳೆ ಸಡಿಲವಾದರೆ ಸೋರಿಕೆ, ಅದು ಯಾರಿಗಾದರೂ ಗೊತ್ತಾಗುತ್ತದೆ. ಅತಿಯಾಗಿ ತುರುಕಿದರೆ ಆಗುವ ಕೇಡು ತಡವಾಗಿ ಕಾಣುತ್ತದೆ: ನೀರು ಕುಡಿದ ಹಲಗೆ ಉಬ್ಬಿದಾಗ ಜಾಗ ಸಾಲದೆ ಪಕ್ಕೆಯಿಂದ ಮೊಳೆಯನ್ನೇ ಕಿತ್ತುಕೊಂಡು ಹೊರಬರುತ್ತದೆ. ಹೊಸ ದೋಣಿ ನೀರಿಗಿಳಿದ ಮೊದಲ ಒಂದೆರಡು ದಿನ ಸೋರುವುದು ಸಹಜ. ಮರ ಉಬ್ಬಿ ಸಂದು ಮುಚ್ಚುವವರೆಗೆ ನೀರು ಎತ್ತಿ ಹಾಕುತ್ತಿರಬೇಕು. ಆಗ ಗಾಬರಿಬಿದ್ದು ಮತ್ತಷ್ಟು ಅರಳೆ ಹೊಡೆಸುವುದು ದೊಡ್ಡ ತಪ್ಪು.

ನೀರಿಗಿಳಿಸುವುದನ್ನು ಲೇಖನ ಹಬ್ಬವೆಂದಷ್ಟೇ ಬರೆದಿದೆ. ಅದರ ಹಿಂದೆ ಒಂದು ಭೌಗೋಳಿಕ ಕಾರಣವಿದೆ. ಈ ದ್ವೀಪಗಳಲ್ಲಿ ಉಬ್ಬರ-ಇಳಿತದ ವ್ಯತ್ಯಾಸ ಬಹಳ ಚಿಕ್ಕದು, ಅರ್ಧ ಮೀಟರಿನ ಸುತ್ತಮುತ್ತ. ಉಬ್ಬರ ಬಂದು ದೋಣಿಯನ್ನು ಎತ್ತಿಕೊಂಡು ಹೋಗಲಿ ಎಂದು ಕಾಯುವಂತಿಲ್ಲ. ಟನ್ನುಗಟ್ಟಲೆ ಮರವನ್ನು ಮನುಷ್ಯರೇ ಮರಳಿನ ಮೇಲೆ ಎಳೆಯಬೇಕು. ನೆಟ್ಟಗೆ ನಿಂತ ದೋಣಿಯನ್ನು ಹಾಗೆ ಎಳೆದರೆ ಉರುಳುತ್ತದೆ. ಆದ್ದರಿಂದ ಮೊದಲು ಅದನ್ನು ಒಂದು ಮಗ್ಗುಲಿಗೆ ಮಲಗಿಸುತ್ತಾರೆ. ಒಂದು ಬದಿಯ ಆಸರೆ ಕಂಬಗಳ ಬುಡಕ್ಕೆ ಕೊಡಲಿ ಹಿಡಿದವರು ನಿಂತು, ಮೇಸ್ತ್ರಿಯ ಕೂಗಿಗೆ ಸರಿಯಾಗಿ ಸ್ವಲ್ಪಸ್ವಲ್ಪವೇ ಕಡಿಯುತ್ತ ಬರುತ್ತಾರೆ. ಕಂಬಗಳು ಕುಗ್ಗಿದಂತೆಲ್ಲ ದೋಣಿ ನಿಧಾನವಾಗಿ ವಾಲಿ, ಹೊಟ್ಟೆಯ ತಿರುವು ಉರುಳುದಿಮ್ಮಿಗಳ ಮೇಲೆ ಕೂರಬೇಕು. ಮುಂದಿನವನು ಆತುರಪಟ್ಟು ಹಿಂದಿನವನು ತಡಮಾಡಿದರೆ ಮೈ ತಿರುಚಿಕೊಂಡು, ತಿಂಗಳುಗಟ್ಟಲೆ ಕೂಡಿಸಿದ ಸಂದು ಒಂದು ನಿಮಿಷದಲ್ಲಿ ಬಾಯಿಬಿಡುತ್ತದೆ.

ಸಮುದ್ರದಲ್ಲಿ ಒಂದಷ್ಟು ದೂರಕ್ಕೆ ದೊಡ್ಡ ಲಂಗರು ಹಾಕಿ, ಅಲ್ಲಿಂದ ಕಪ್ಪಿಗಳ ಮೂಲಕ ಹಗ್ಗ ತಂದು ದಡದಲ್ಲಿ ಊರಿಗೆ ಊರೇ ಹಾಡಿಕೊಂಡು ಎಳೆಯುತ್ತದೆ. ಹಾಡು ಬರೀ ಸಂಭ್ರಮಕ್ಕಿಲ್ಲ. ನೂರು ಕೈಗಳ ಜಗ್ಗು ಒಂದೇ ಗಳಿಗೆಗೆ ಬೀಳದಿದ್ದರೆ ದೋಣಿ ಅಲ್ಲಾಡುವುದಿಲ್ಲ. ಎಳೆಯುವ ಮೊದಲು ಪಾದ್ರಿ ಬಂದು ಹರಸುತ್ತಾರೆ, ದೋಣಿಗೆ ಧರ್ಮ ತಂದೆತಾಯಿ ಇರುತ್ತಾರೆ. ಅದೇ ದೋಣಿಯ ಮೇಲೆ ಕುರಿ, ಮೇಕೆ, ಹುಂಜ ಬಲಿಕೊಟ್ಟು ರಕ್ತ ಚಿಮುಕಿಸುವುದು, ನೆಲಕ್ಕೆ ರಮ್ ಸುರಿದು ಹಿರಿಯರನ್ನು ನೆನೆಯುವುದು ಕೂಡ ನಡೆಯುತ್ತದೆ. ಕ್ಯಾರಿಯಾಕೂವಿನ ಬಿಗ್ ಡ್ರಮ್ ಕುಣಿತದಲ್ಲಿ ಕ್ರೊಮಾಂಟಿ, ಇಗ್ಬೊ, ಮ್ಯಾಂಡಿಂಗ್ ಎಂದು ಆಫ್ರಿಕಾದ ಒಂದೊಂದು ಕುಲಕ್ಕೂ ಒಂದೊಂದು ತಾಳವಿದೆ. ಪಿತೃಗಳಿಗೆ ಉಣಿಸುವ ಆ ನಂಬಿಕೆಯೇ ಇಲ್ಲಿಯೂ ಇದೆ. ಸ್ಕಾಟ್ಲೆಂಡಿನ ಹೆಸರೊಂದನ್ನೇ ಹೇಳಿದರೆ ಸಾಲದು ಎಂದದ್ದು ಇದಕ್ಕೆ.

ಉಬ್ಬರ ಚಿಕ್ಕದಾಗಿರುವುದರ ಇನ್ನೊಂದು ಪರಿಣಾಮ ದುರಸ್ತಿಯ ಮೇಲೆ. ಬೇರೆ ಕಡೆ ಇಳಿತದಲ್ಲಿ ದೋಣಿಯನ್ನು ಒಣನೆಲದ ಮೇಲೆ ಬಿಟ್ಟು ತಳ ತೊಳೆಯಬಹುದು. ಇಲ್ಲಿ ನೀರಿನಲ್ಲಿರುವಾಗಲೇ, ಒಳಗಿನ ಭಾರವನ್ನೆಲ್ಲ ಇಳಿಸಿ, ಕೂವೆಯ (ಹಾಯಿಗಂಬದ) ತುದಿಗೆ ಹಗ್ಗ ಕಟ್ಟಿ ಅಡಿಮರ ಮೇಲೆ ಕಾಣುವವರೆಗೆ ಮಗ್ಗುಲಿಗೆ ಎಳೆಯುತ್ತಾರೆ. ಒಂದು ಬದಿ ಕೆರೆದು ಬಣ್ಣ ಬಳಿದು, ತಿರುಗಿಸಿ ಇನ್ನೊಂದು ಬದಿ. ಕಲ್ಲು, ಕಬ್ಬಿಣ ಒಳಗೇ ಉಳಿದಿದ್ದರೆ ಅದು ಜಾರಿ ದೋಣಿ ಮತ್ತೆ ಏಳದೆ ಮುಳುಗಬಹುದು. ಇಷ್ಟು ತಾಪತ್ರಯ ಹಡಗುಹುಳುವಿಗಾಗಿ. ಹುಳು ಎಂದರೂ ಅದು ಚಿಪ್ಪುಜೀವಿಯ ಜಾತಿ. ಸೂಜಿಮೊನೆಯಷ್ಟು ತೂತಿನಿಂದ ಮರಿಯಾಗಿ ಒಳಹೊಕ್ಕು, ಮರದೊಳಗೇ ಬೆಳೆದು ಎಳೆಯುದ್ದಕ್ಕೂ ಸುರಂಗ ಕೊರೆಯುತ್ತದೆ. ಹೊರಗಿನಿಂದ ಹಲಗೆ ಗಟ್ಟಿಯಾಗಿಯೇ ಕಾಣುತ್ತದೆ. ತಾಮ್ರ ಬೆರೆತ ಬಣ್ಣ ಅದನ್ನು ತಡೆಯುತ್ತದೆ, ಆದರೆ ಬಂಡೆಗೆ ಉಜ್ಜಿ ಬಣ್ಣ ಹೋದ ಒಂದೇ ಒಂದು ಗೀರು ಸಾಕು.

ಈ ನೀರಿನಲ್ಲಿ ಹಾಯಿ ಏರಿಸುವುದೂ ಸಲೀಸಲ್ಲ. ಗ್ರೆನಡಾದಿಂದ ಉತ್ತರಕ್ಕೆ ಸುಮಾರು 8 ಕಿಲೋಮೀಟರ್ ದೂರದಲ್ಲಿ ಕಿಕ್ ಎಮ್ ಜೆನ್ನಿ ಎಂಬ ಕಡಲೊಳಗಿನ ಜ್ವಾಲಾಮುಖಿ ಇದೆ. ಮೊದಲ ದಾಖಲಾದ ಸ್ಫೋಟ 1939ರದು. ಅದರಿಂದ ಎದ್ದ ಅನಿಲದ ಗುಳ್ಳೆಗಳು ನೀರನ್ನು ಹಗುರ ಮಾಡುವುದರಿಂದ ಮೇಲಿರುವ ಹಡಗು ತೇಲುವ ಶಕ್ತಿ ಕಳೆದುಕೊಳ್ಳಬಹುದು. ಹಾಗಾಗಿ ಶಾಂತವಾಗಿರುವಾಗಲೂ ಅದರಿಂದ ಒಂದೂವರೆ ಕಿಲೋಮೀಟರ್ ದೂರದೊಳಗೆ ಹೋಗುವಂತಿಲ್ಲ. 1944ರ ಆಗಸ್ಟಿನಲ್ಲಿ ಗ್ರೆನಡಾದಿಂದ ಸೇಂಟ್ ವಿನ್ಸೆಂಟಿಗೆ ಹೊರಟ ‘ಐಲ್ಯಾಂಡ್ ಕ್ವೀನ್’ ಎಂಬ ಸ್ಕೂನರ್ 60ಕ್ಕೂ ಹೆಚ್ಚು ಜನರೊಂದಿಗೆ ಸುಳಿವಿಲ್ಲದೆ ಮಾಯವಾಯಿತು. ಜ್ವಾಲಾಮುಖಿ ಎಂದವರಿದ್ದಾರೆ, ಯುದ್ಧಕಾಲದ ಟಾರ್ಪಿಡೊ ಎಂದವರೂ ಇದ್ದಾರೆ.

ಮೋಟಾರು ಬಂದ ಮೇಲೆ ಹಾಯಿಯ ಸರಕು ಸಾಗಣೆ ಕುಗ್ಗಿತು. ಕಸುಬು ಅಳಿಯಬಾರದೆಂದು 1965ರಲ್ಲಿ ಲಿಂಟನ್ ರಿಗ್ ಎಂಬ ಜಮೈಕಾ ಮೂಲದ ಹಾಯಿಗಾರ ಕ್ಯಾರಿಯಾಕೂ ರೆಗಾಟಾ ಎಂಬ ದೋಣಿ ಪಂದ್ಯ ಶುರುಮಾಡಿದರು. ಇಂದಿಗೂ ಜುಲೈ ಕೊನೆ, ಆಗಸ್ಟ್ ಮೊದಲ ವಾರದ ಹೊತ್ತಿಗೆ ಅದು ನಡೆಯುತ್ತದೆ. ಪಂದ್ಯ ದೋಣಿ ಕಟ್ಟುವುದನ್ನು ಉಳಿಸಿತು, ಒಪ್ಪೋಣ. ಆದರೆ ಗೆಲ್ಲಲೆಂದು ಕಟ್ಟಿದ ದೋಣಿ ಹಗುರಾಗುತ್ತ, ಹಾಯಿ ದೊಡ್ಡದಾಗುತ್ತ ಹೋಗುತ್ತದೆ. ಸರಕು ಹೊತ್ತು ಗಾಳಿಗೆ ಎದೆಕೊಟ್ಟು ಹೋಗುವ ಭಾರದ ಸ್ಲೂಪ್ (ಒಂಟಿ ಕೂವೆಯ ಹಾಯಿದೋಣಿ) ಕಟ್ಟುವ ಹದವೇ ಬೇರೆ, ಅದು ಪಂದ್ಯದಿಂದ ಉಳಿಯುವಂಥದ್ದಲ್ಲ.

ಇನ್ನು ಯುನೆಸ್ಕೊ. ಕ್ಯಾರಿಯಾಕೂ ಮತ್ತು ಪೆಟಿಟ್ ಮಾರ್ಟಿನೀಕ್‌ಗಳ ಮರದ ದೋಣಿ ಕಟ್ಟುವ ಪರಂಪರೆ 2023ರ ಡಿಸೆಂಬರಿನಲ್ಲಿ ಬೋಟ್ಸ್ವಾನಾದಲ್ಲಿ ನಡೆದ ಸಭೆಯಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಹಣ ಬರುವುದಿಲ್ಲ. ಉಳಿಸುವ ಹೊಣೆ ಆಯಾ ದೇಶದ್ದೇ, ಅದು ಆರು ವರ್ಷಕ್ಕೊಮ್ಮೆ ವರದಿ ಕೊಡಬೇಕು. ಪಟ್ಟಿ ಸೇರಿ ಏಳು ತಿಂಗಳೂ ಆಗಿರಲಿಲ್ಲ, 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ನೇರ ಕ್ಯಾರಿಯಾಕೂ ಮೇಲೆ ಅಪ್ಪಳಿಸಿತು. ಹೆಚ್ಚುಕಡಿಮೆ ಎಲ್ಲ ಮನೆಗಳಿಗೂ ಪೆಟ್ಟು ಬಿತ್ತು. ಗಾಳಿ ಬಂದಾಗ ದೋಣಿಗಳು ಹೋಗಿ ಅಡಗುವುದು ಟಿರೆಲ್ ಬೇ ಬಳಿಯ ಕಾಂಡ್ಲಾ ಕಾಡಿನಲ್ಲಿ. ಆ ಕಾಡೇ ಬೋಳಾಯಿತು, ಗುಡ್ಡಗಳೂ ಬೋಳಾದವು.

ಈಗ ಮಾಡಬೇಕಾದ್ದೇನು ಎಂಬುದಕ್ಕೆ ಲೇಖನದಲ್ಲಿರುವ, ವಸ್ತುಸಂಗ್ರಹಾಲಯ ಮಾಡಬೇಕೆಂಬ ಸಲಹೆ ಕೊನೆಯದಾಗಬೇಕು. ಮೊದಲನೆಯದು ಮರ. ಉರುಳಿದ ವೈಟ್ ಸೀಡರನ್ನು ಮಣ್ಣಿನ ಮೇಲೆ ಬಿಟ್ಟರೆ ಹುಳು ಹತ್ತುತ್ತದೆ. ತೊಗಟೆ ಸುಲಿದು, ನೆಲದಿಂದ ಎತ್ತಿ, ನೆರಳಲ್ಲಿ ಗಾಳಿಯಾಡುವಂತೆ ಪೇರಿಸಿದ ಬಾಗುಕೊಂಬೆಗಳಷ್ಟೇ ಮುಂದಿನ ದೋಣಿಗಳಿಗೆ ಉಳಿಯುತ್ತವೆ. ಹೊಸದಾಗಿ ನೆಡುವುದಾದರೆ ಗಾಳಿಗೆ ಮುಖಮಾಡಿದ ಇಳಿಜಾರಿನಲ್ಲಿ, ದೂರದೂರಕ್ಕೆ ನೆಡಬೇಕು. ಒತ್ತೊತ್ತಾಗಿ ನೆಟ್ಟರೆ ಬೆಳಕಿಗಾಗಿ ಪೈಪೋಟಿಯಲ್ಲಿ ನೆಟ್ಟಗೆ ಬೆಳೆಯುತ್ತವೆ. ಮನೆ ತೊಲೆಗೆ ಒಳ್ಳೆಯದು, ದೋಣಿ ಪಕ್ಕೆಗೆ ಉಪಯೋಗವಿಲ್ಲ. ಜೊತೆಗೆ ಬೇಲಿ ಬೇಕೇ ಬೇಕು. ಕೊಯ್ಲು ಮುಗಿದ ಮೇಲೆ ಒಣ ಕಾಲದಲ್ಲಿ ಕುರಿ-ಮೇಕೆಗಳನ್ನು ಹಗ್ಗ ಬಿಚ್ಚಿ ಮೇಯಲು ಬಿಡುವ ಪದ್ಧತಿ ಆ ದ್ವೀಪದಲ್ಲಿದೆ. ಬೇಲಿಯಿಲ್ಲದ ಸಸಿ ಎರಡನೆಯ ವರ್ಷ ನೋಡುವುದಿಲ್ಲ.

ಎರಡನೆಯದು ಆರ್ಡರು. ಬಂದು ಫೋಟೊ ತೆಗೆದುಕೊಳ್ಳುವವರಿಂದ ಗ್ರೀನ್‌ಹಾರ್ಟಿನ ಬೆಲೆ ಹುಟ್ಟುವುದಿಲ್ಲ. ಮೀನುಗಾರ ಫೈಬರ್ ದೋಣಿಗೆ ಔಟ್‌ಬೋರ್ಡ್ ಎಂಜಿನ್ ಹಾಕಿಕೊಂಡು ಬೆಳಗಾಗುವ ಮುಂಚೆ ಹೋಗಿ ಮಧ್ಯಾಹ್ನಕ್ಕೆ ವಾಪಸಾಗುತ್ತಾನೆ; ಅವನಿಗೆ ಮರದ ಸ್ಲೂಪ್ ತಗೋ ಎನ್ನುವುದು ಅನ್ಯಾಯ. ಗ್ರೆನಡಾ ಸರ್ಕಾರವೇ ಕಾಲಕಾಲಕ್ಕೆ ಒಂದೊಂದು ದೋಣಿಗೆ ದುಡ್ಡು ಹಾಕಿ, ಅದನ್ನು ಹುಡುಗರಿಗೆ ಹಾಯಿ ಕಲಿಸಲು, ದ್ವೀಪಗಳ ನಡುವೆ ಪ್ರವಾಸಿಗರನ್ನು ಕರೆದೊಯ್ಯಲು ಬಳಸಬಹುದು. ಕಲಿಯುವವನು ಕೂಡ ಅಡಿಮರ ಕೂರಿಸುವಲ್ಲಿಂದ ನೀರಿಗಿಳಿಸುವವರೆಗೆ ಪೂರ್ತಿ ಒಂದು ದೋಣಿಯ ಜೊತೆಗಿರಬೇಕು. ಮೂರು ದಿನದ ಕಾರ್ಯಾಗಾರದಲ್ಲಿ ಕೊಡತಿ ಹಿಡಿಯುವುದು ಬರಬಹುದು, ರೀಪರ್ ಮೇಲಿನ ತಪ್ಪು ಕಾಣುವುದು ಬಾರದು.

ಒಂದು ಸಣ್ಣ ತಿದ್ದುಪಡಿಯೂ ಇದೆ. ಲೇಖನದ ಮೊದಲ ಚಿತ್ರದಡಿ ‘ಕ್ಯಾರಿಯಾಕೂ ಸ್ಕೂನರ್’ ಎಂದು ಅಚ್ಚಾಗಿದೆ. ಚಿತ್ರದಲ್ಲಿರುವ ದೋಣಿಗೆ ಇರುವುದು ಒಂದೇ ಕೂವೆ, ಹಿಂದೊಂದು ದೊಡ್ಡ ಹಾಯಿ, ಮುಂದೊಂದು ಚಿಕ್ಕದು, ಅದು ಸ್ಲೂಪ್. ಸ್ಕೂನರಿಗೆ ಕನಿಷ್ಠ ಎರಡು ಕೂವೆಗಳಿರುತ್ತವೆ. ಮುಂದಿನ ಸಂಚಿಕೆಯಲ್ಲಿ ಸರಿಪಡಿಸಬೇಕಾಗಿ ಕೋರಿಕೆ.

ಇಂತಿ,
ತಮ್ಮ ಪತ್ರಿಕೆಯ ಓದುಗ